ಮಲಾವಿಯಲ್ಲಿ ನಾನು ನೆನೆಸಿದ ತೊಗರಿ

ಕೊಂಕಲ್‌ನಿಂದ ಮುಂಬೈಗೆ

ನಮ್ಮ ಅತ್ತೆ ನೀಲಮ್ಮ ಪರದೇಶಕ್ಕೆ ಹೊರಟಾಗ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೊದಲು ಇಟ್ಟದ್ದು ಬೀಸುಕಲ್ಲು. ಆಮೇಲೆ ಅದರ ಸುತ್ತ ನಾಲ್ಕು ಸೀರೆ ತುರುಕಿದರು. ಮನೆಯಲ್ಲಿದ್ದ ಎರಡು ಕಲ್ಲುಗಳಲ್ಲಿ ಇದು ಚಿಕ್ಕದು, ಬೇಳೆ ಒಡೆಯುವುದಕ್ಕೆಂದೇ ಇಟ್ಟುಕೊಂಡದ್ದು. ಆದರೂ ಎತ್ತಿದಾಗ ಪೆಟ್ಟಿಗೆಯ ಹಿಡಿಕೆ ಕಿರ್ ಎಂದಿತು.

“ಅತ್ತಿ, ಆ ದೇಶದಾಗ ಕಲ್ಲು ಸಿಗಂಗಿಲ್ಲೇನ್ರಿ?” ಎಂದೆ.

“ಕಲ್ಲು ಸಿಗ್ತಾವ. ಬೀಸೂ ಕಲ್ಲು ಸಿಗ್ತದಂತ ನಿನಗ ಯಾರು ಹೇಳ್ಯಾರ?” ಎಂದರು.

ನಾನು ಶಹಾಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಅತ್ತೆ ಕೊಂಕಲ್‌ನಲ್ಲಿ ಹೊಲ ನೋಡಿಕೊಂಡಿದ್ದಾರೆ. ಯಾದಗಿರಿಯ ಬೀಜ ಮೇಳವೊಂದರಲ್ಲಿ ಅವರು ಕೆಮ್ಮಣ್ಣು ಬಳಿದು ಇಟ್ಟ ತೊಗರಿ ಬೀಜವನ್ನೂ ಮನೆಯಲ್ಲೇ ಒಡೆದ ಬೇಳೆಯನ್ನೂ ಹರಡಿಕೊಂಡು ಕೂತಿದ್ದಾಗ, ಬೇರೆ ಬೇರೆ ದೇಶದ ರೈತ ಹೆಂಗಸರನ್ನು ಒಬ್ಬರ ಮನೆಗೆ ಒಬ್ಬರನ್ನು ಕಳಿಸುವ ಸಂಸ್ಥೆಯವರು ನೋಡಿ ಹೋಗಿದ್ದರು. ಆಫ್ರಿಕಾ ಖಂಡದ ಆಗ್ನೇಯಕ್ಕಿರುವ ಮಲಾವಿ ಎಂಬ ಪುಟ್ಟ ದೇಶದಲ್ಲೂ ತೊಗರಿ ಬೆಳೆಯುತ್ತಾರಂತೆ. ಆದರೆ ಅಲ್ಲಿ ಅದನ್ನು ಬೇಳೆ ಮಾಡುವುದಿಲ್ಲ, ಇಡೀ ಕಾಳನ್ನೇ ಬೇಯಿಸುತ್ತಾರೆ. ಅದು ಬೇಯಲು ಅರ್ಧ ದಿನ ಬೇಕು, ಸೌದೆಗೆ ದೂರ ನಡೆಯಬೇಕು. ಉಳಿದ ಕಾಳಿಗೆ ಮಳೆಗಾಲದ ಹೊತ್ತಿಗೆ ಹುಳ ಬೀಳುತ್ತದೆ. ಮನೆಯಲ್ಲಿ ಕಾಳು ಬೇಕಾಗುವುದೂ ಆಗಲೇ. ನೀವು ಬಂದು ನಿಮ್ಮ ಕೈಕೆಲಸ ತೋರಿಸಿ ಎಂದು ಎರಡು ವಾರಕ್ಕೆ ಕರೆ ಬಂತು. ಕರೆ ಬಂದದ್ದು ಅತ್ತೆಗೆ. ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ನಾನು.

ಮುಂಬೈ ವಿಮಾನ ನಿಲ್ದಾಣದಲ್ಲಿ ಆ ಪೆಟ್ಟಿಗೆಯನ್ನು ತೆರೆಸಿದರು. ಎತ್ತರದ ಅಧಿಕಾರಿಯೊಬ್ಬ ಸೀರೆಗಳನ್ನು ಒಂದೊಂದೇ ಸರಿಸಿ ಕಲ್ಲು ಕಂಡ. “ಜಾತಂ,” ಎಂದು ಬೀಸುಕಲ್ಲಿನ ಮರಾಠಿ ಹೆಸರನ್ನು ತನಗೇ ಹೇಳಿಕೊಂಡ. ಮೇಲಿನ ಕಲ್ಲನ್ನು ಒಂದು ಸುತ್ತು ತಿರುಗಿಸಿದ. ಆಮೇಲೆ ಸೀರೆಗಳನ್ನು ತಾನೇ ಮಡಿಚಿ ಮೊದಲಿನಂತೆ ಇಟ್ಟು, ಅತ್ತೆಗೆ ಕೈಮುಗಿದು ಕಳಿಸಿದ.

“ಯಾರ ಮನ್ಯಾಗ ಬೆಳದ ಕೂಸೋ,” ಎಂದರು ಅತ್ತೆ. ಆ ಕೂಸಿಗೆ ಐವತ್ತಾದರೂ ಆಗಿತ್ತು.

ಆಡಿಸ್ ಅಬಾಬಾ

ಇಥಿಯೋಪಿಯಾದಲ್ಲಿ ವಿಮಾನ ಬದಲಿಸುವಾಗ ನಾಲ್ಕು ತಾಸು ಕಾಯಬೇಕಿತ್ತು. ಅತ್ತೆ ಚಲಿಸುವ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಪಕ್ಕದ ಕಲ್ಲಿನ ಮೆಟ್ಟಿಲನ್ನು ಹತ್ತಿ, ಮೇಲೆ ನನಗಿಂತ ಮುಂಚೆ ತಲುಪಿ ನಿಂತಿದ್ದರು. ಅಲ್ಲಿನವರು ತಿನ್ನುವ ತೂತು ತೂತಾದ ದೊಡ್ಡ ಹುಳಿ ದೋಸೆಯನ್ನು ಒಂದು ತಟ್ಟೆ ತಂದೆ. ಅತ್ತೆ ಮೂಸಿ, ತುಸು ಮುರಿದು ಬಾಯಿಗಿಟ್ಟು, “ಹಿಟ್ಟು ಎರಡ ದಿನ ಹುಳಿ ಬರಿಸ್ಯಾರ. ನಾವಾದ್ರ ಚೆಲ್ತಿದ್ವಿ. ಛಲೋ ಅದ,” ಎಂದರು. ತಟ್ಟೆ ಖಾಲಿಯಾಯಿತು.

ಮುಲಾಂಜೆ ಬೆಟ್ಟದ ಕೆಳಗೆ

ಆಫ್ರಿಕಾ ಎಂದರೆ ಬಿಸಿಲು ಎಂದು ನಾನು ತಿಳಿದಿದ್ದೆ. ಯಾದಗಿರಿಯ ಬಿಸಿಲು ಉಂಡವರಿಗೆ ಇನ್ನಾವ ಬಿಸಿಲು ಎಂದು ಒಂದು ಸ್ವೆಟರನ್ನೂ ಒಯ್ದಿರಲಿಲ್ಲ. ಆದರೆ ಆಗಸ್ಟ್ ಅಲ್ಲಿ ಚಳಿಗಾಲ. ಮುಲಾಂಜೆ ಎಂಬ ಭಾರಿ ಬೆಟ್ಟದ ತಲೆಯೇ ಕಾಣದಂತೆ ಮೋಡ ಕವಿದಿತ್ತು. ನಮ್ಮನ್ನು ಕರೆದೊಯ್ಯಲು ಬಂದಿದ್ದ ಚಿಸೊಮೊ ತನ್ನ ಮೈಮೇಲಿನ ಶಾಲನ್ನೇ ತೆಗೆದು ಅತ್ತೆಗೆ ಹೊದಿಸಿದಳು. ಮೂವತ್ತು ದಾಟಿದ ಈ ಹೆಣ್ಣುಮಗಳು ಆ ಭಾಗದ ಹಳ್ಳಿಗಳಲ್ಲಿ ಕೃಷಿ ಸಹಾಯಕಿ. ಅತ್ತೆಯ ಕನ್ನಡವನ್ನು ನಾನು ಇಂಗ್ಲಿಷಿಗೆ ತಿರುಗಿಸಿದರೆ, ನನ್ನ ಇಂಗ್ಲಿಷನ್ನು ಅವಳು ಅಲ್ಲಿಯ ಚಿಚೆವಾ ಭಾಷೆಗೆ ತಿರುಗಿಸಬೇಕು.

ಹಳ್ಳಿಯ ದಾರಿಯಲ್ಲಿ ಜೀಪು ಇಳಿದ ಕೂಡಲೇ ಅತ್ತೆ ಬಗ್ಗಿ ಮಣ್ಣು ಹಿಡಿದರು. ಕುಂಕುಮಕ್ಕೆ ತುಸು ಕಪ್ಪು ಕಲಸಿದಂಥ ಕೆಂಪು. ಅವರ ತವರು ಸುರಪುರದ ಹತ್ತಿರದ ಬೋನಾಳ. ಕೊಂಕಲ್‌ನದು ಕರಿ ನೆಲವಾದ್ದರಿಂದ, ಬೀಜಕ್ಕೆ ಬಳಿಯುವ ಕೆಮ್ಮಣ್ಣು ಪ್ರತಿ ವರ್ಷ ಬೋನಾಳದಿಂದ ಚೀಲದಲ್ಲಿ ಬರುತ್ತಿತ್ತು. ಅವರ ತಾಯಿ ಇರುವತನಕ ತಾಯಿಯೇ ಜರಡಿ ಹಿಡಿದು ಕಳಿಸುತ್ತಿದ್ದರು.

“ಇಲ್ಲಿ ತುಳಕೊಂಡು ಅಡ್ಡಾಡ್ತಾರ ನೋಡು,” ಎಂದರು ಅತ್ತೆ. ಹಿಡಿದ ಮಣ್ಣನ್ನು ತಕ್ಷಣ ಚೆಲ್ಲಲಿಲ್ಲ. ಮನೆ ಬರುವವರೆಗೂ ಮುಷ್ಟಿಯಲ್ಲೇ ಇತ್ತು.

ನಾವು ಉಳಿದದ್ದು ಎಸ್ನಾತಿ ಎಂಬ ಹೆಂಗಸಿನ ಮನೆಯಲ್ಲಿ. ಅತ್ತೆಗಿಂತ ಐದಾರು ವರ್ಷ ಚಿಕ್ಕವಳು, ಊರಿನ ಹೆಂಗಸರ ಗುಂಪಿಗೆ ಹಿರಿಯಳು. ಅಂಗಳದಲ್ಲಿ ಮೊಣಕಾಲೂರಿ, ಬೊಗಸೆ ಮಾಡಿದ ಕೈಗಳನ್ನು ಮೆಲ್ಲಗೆ ತಟ್ಟಿ ನಮ್ಮನ್ನು ಎದುರುಗೊಂಡಳು. ತನಗಿಂತ ದೊಡ್ಡವರಿಗೆ ಹಾಗೆ ಮಾಡುತ್ತಾರಂತೆ. ಅತ್ತೆಗೆ ಅದು ಗೊತ್ತಿಲ್ಲ. ಅವಳು ಮೊಣಕಾಲೂರಿದ್ದು ಕಂಡು ಬಿದ್ದಳೆಂದುಕೊಂಡು ಎಬ್ಬಿಸಲು ಓಡಿದರು. ಅಲ್ಲಿ ಹೇಗಿದ್ದೀರಿ ಎಂದು ಇವರು ಕೇಳಿ, ಅವರು ಹೇಳಿ, ಮತ್ತೆ ಅವರು ಕೇಳಿ, ಇವರು ಹೇಳಿ, ಕೊನೆಗೆ ಇಬ್ಬರೂ ಥ್ಯಾಂಕ್ಸ್ ಎಂಬರ್ಥದ “ಜಿಕೊಮೊ” ಅನ್ನುವವರೆಗೂ ಕೆಲಸದ ಮಾತು ಎತ್ತುವಂತಿಲ್ಲ. ಬಾಗಿಲಲ್ಲೇ ನಿಂತು ‘ಏನ್ ಬಂದ್ರಿ’ ಎಂದು ಕೇಳುವ ನಮ್ಮ ಕಡೆಯವರಿಗೆ ಇದು ತಾಳ್ಮೆಯ ಪರೀಕ್ಷೆ.

ಎಸ್ನಾತಿ ಒಳಗಿನಿಂದ ತನ್ನ ತೊಗರಿ ತಂದು ತೋರಿಸಿದಳು. ಅಲ್ಲಿ ತೊಗರಿಗೆ ನಂದೋಲೊ ಎನ್ನುತ್ತಾರೆ. ತಿನ್ನುವ ಕಾಳು ಚೀಲದಲ್ಲಿತ್ತು. ಬೀಜದ್ದು ಬೇರೆ, ಬುಟ್ಟಿಯಲ್ಲಿ, ದಪ್ಪ ದಪ್ಪ ಕೆನೆ ಬಣ್ಣದ್ದು. ಅದು ಅವಳ ತಾಯಿ ಆರಿಸಿಕೊಂಡು ಬಂದ ಬೀಜ, ಊರಿನ ಹಲವು ಮನೆಗಳಿಗೆ ಹೋದದ್ದೂ ಆ ತಾಯಿಯ ಕೈಯಿಂದಲೇ ಎಂದು ಚಿಸೊಮೊ ಹೇಳಿದಳು. ಅತ್ತೆ ನಾಲ್ಕು ಕಾಳನ್ನು ಅಂಗೈಮೇಲೆ ಉರುಳಿಸಿ ನೋಡಿ, ಎಣಿಸಿ ಹಾಗೇ ಬುಟ್ಟಿಗೆ ಹಾಕಿದರು.

ಕಲಿಸಿದ ದಿನ

ಮೂರನೆಯ ದಿನ ಮಾವಿನ ಮರದ ಕೆಳಗೆ ಇಪ್ಪತ್ತು ಹೆಂಗಸರು ಚಾಪೆ ಹಾಸಿ ಕೂತರು. ಅತ್ತೆ ಬೀಸುಕಲ್ಲನ್ನು ನಡುವೆ ಇಟ್ಟು ಬೇಳೆಯ ಕೆಲಸ ಹೇಳಿಕೊಟ್ಟರು: ತಿನ್ನುವ ಕಾಳನ್ನು ರಾತ್ರಿ ಪೂರ್ತಿ ನೀರಲ್ಲಿ ನೆನೆಸುವುದು, ಕೆಮ್ಮಣ್ಣು ಕಲಸಿ ಗುಡ್ಡೆ ಹಾಕಿ ಒಂದು ರಾತ್ರಿ ಮುಚ್ಚಿಡುವುದು, ಬಿಸಿಲಲ್ಲಿ ಗಲಗಲ ಎನ್ನುವತನಕ ಒಣಗಿಸಿ ಒಡೆಯುವುದು. ಮಧ್ಯಾಹ್ನ ದಾಟಿತು. ಬೆಟ್ಟದ ಕಡೆಯಿಂದ ಮಂಜು ಇಳಿಯತೊಡಗಿ ಹೆಂಗಸರು ಎದ್ದು ನಿಲ್ಲುತ್ತಿದ್ದರು. ಬೀಜ ಕಾಯುವ ವಿಷಯ ಇನ್ನೂ ಬಾಕಿ ಇತ್ತು.

“ಬೀಜದ ತೊಗರಿ ಹಂಗ ರಾತ್ರಿ ಪೂರಾ ನೀರಾಗ ನೆನಿ ಇಡೋದು…” ಎಂದು ಶುರು ಮಾಡಿದ ಅತ್ತೆಗೆ ಕೆಮ್ಮು ಬಂತು. ಚಳಿಯ ಕೆಮ್ಮು, ಎರಡು ದಿನದಿಂದ ಇತ್ತು. ನಾನು ಕಾಯಲಿಲ್ಲ. ಬೀಜವನ್ನೂ ಹಾಗೆಯೇ ರಾತ್ರಿ ಪೂರ್ತಿ ನೆನೆಸಿಡಬೇಕು ಎಂದು ಚಿಸೊಮೊಗೆ ಹೇಳಿಬಿಟ್ಟೆ. ಅವಳು ಗುಂಪಿಗೆ ಹೇಳಿದಳು. ಕೆಮ್ಮು ನಿಂತ ಮೇಲೆ ಅತ್ತೆ, “…ಅಲ್ಲ. ಬರೇ ಕೆಮ್ಮಣ್ಣ ರಾಡಿ ಕೈಯಿಂದ ಸವರಿ ಒಣಗಸೋದು,” ಎಂದರು. ಜನ ಎದ್ದ ಗದ್ದಲದಲ್ಲಿ ಆ ‘ಅಲ್ಲ’ ನನ್ನ ಕಿವಿಗೆ ಬಿದ್ದಿತ್ತೋ ಇಲ್ಲವೋ, ಈಗಲೂ ಹೇಳಲಾರೆ. ಆಮೇಲೆ ಕೆಮ್ಮಣ್ಣು ಸವರಿ ಒಣಗಿಸಬೇಕು ಎಂದು ಮುಂದಿನದನ್ನಷ್ಟೇ ಸೇರಿಸಿದೆ.

ಕನ್ನಡದಲ್ಲಿ ಇಲ್ಲ, ಅಲ್ಲ, ಬಾರದು ಎಲ್ಲ ಮಾತಿನ ಕೊನೆಗೆ ಬರುತ್ತವೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಭಾಷೆ ಕಲಿಸುವವಳು ನಾನು.

ಮಂಜಿನ ದಿನಗಳು

ಮರುದಿನ ಬೆಳಿಗ್ಗೆ ಹತ್ತು ಹೆಜ್ಜೆ ಆಚೆಯ ಮರ ಕಾಣುತ್ತಿರಲಿಲ್ಲ. ಮಳೆಯೂ ಅಲ್ಲದ, ಇಬ್ಬನಿಯೂ ಅಲ್ಲದ ಒಂದು ತೇವ. ಚಿಪೆರೋನಿ ಎಂದು ಅದರ ಹೆಸರು. ಒಮ್ಮೆ ಬಂದರೆ ಮೂರು ದಿನ ಬಿಡುವುದಿಲ್ಲವಂತೆ. ಎಸ್ನಾತಿ ಸಂತೋಷದಿಂದ ನಮ್ಮನ್ನು ಕರೆದು ಜಗಲಿಯ ಮೇಲಿನ ದೊಡ್ಡ ಬಕೆಟ್ಟಿನ ಮುಚ್ಚಳ ತೆಗೆದಳು. ಉಳಿದವರು ನೋಡಿ ಕಲಿಯಲೆಂದು ಎಲ್ಲರಿಗಿಂತ ಮೊದಲು ತಾನು ಮಾಡಿದ್ದಳು. ಬೀಜದ ಬುಟ್ಟಿ ಖಾಲಿಯಾಗಿ ಪಕ್ಕದಲ್ಲಿ ಬೋರಲು ಬಿದ್ದಿತ್ತು.

ಅತ್ತೆ ಬಕೆಟ್ಟಿನಲ್ಲಿ ಕೈ ಹಾಕಿದರು. ಕಾಳು ಎರಡರಷ್ಟು ಉಬ್ಬಿತ್ತು, ಕೆಲವಕ್ಕೆ ಸಿಪ್ಪೆ ಬಿರಿದಿತ್ತು.

“ಇದು ಬೀಜದ್ದಲ್ಲೇನು?” ಎಂದರು.

ಬೀಜದ್ದೇ. ಬಿತ್ತನೆಗೆ ಇನ್ನೂ ಮೂರು ತಿಂಗಳು. ನೆಂದ ಬೀಜವನ್ನು ಒಣಗಿಸಿದರೆ ಮತ್ತೆ ಹುಟ್ಟುವ ಭರವಸೆ ಇಲ್ಲ. ಒಣಗಿಸದಿದ್ದರೆ ಇಲ್ಲೇ ಮೊಳೆತು ಬೂಸು ಹಿಡಿಯುತ್ತದೆ. ಆಗಿದ್ದು ಏನೆಂದು ಚಿಸೊಮೊಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ತುಸು ಯೋಚಿಸಿ ಮೆತ್ತಗೆ ಅಂದಳು: ಮಂಜು ಬಂದದ್ದರಿಂದ ಕೆಟ್ಟಿತು ಎಂದು ಹೇಳೋಣ, ಅದು ಸುಳ್ಳೇನೂ ಆಗುವುದಿಲ್ಲ, ನಿಮ್ಮ ಮೇಲೆ ಜನರಿಗೆ ನಂಬಿಕೆ ಉಳಿಯುತ್ತದೆ.

“ಏನಂತಾಳ ಅಕಿ?” ಎಂದು ಅತ್ತೆ ಕೇಳಿದರು. ಅದನ್ನೂ ನಾನೇ ಕನ್ನಡಕ್ಕೆ ತಿರುಗಿಸಬೇಕಾಯಿತು.

“ಮಂಜಿನ ಮ್ಯಾಲ ಹಾಕಬ್ಯಾಡ,” ಎಂದರು ಅತ್ತೆ. “ನಾಳಿ ಬಿಸಲು ಬಿದ್ದಾಗ ಉಳದಾಕ್ಯಾರೂ ಹಿಂಗ ನೆನಿ ಹಾಕ್ತಾರ. ಗಲತಿ ಆಗ್ಯಾದ ಅನ್ನು. ನೀನ ಹೇಳು, ಶಶಿ.”

ಬೈದಿದ್ದರೆ ಸುಲಭವಿತ್ತು. ಅವರ ಮಾತು ಯಾವಾಗಲೂ ನಿಧಾನ. ಮನೆಯಲ್ಲೂ ನಾನು ಅರ್ಧದಲ್ಲೇ ಹಿಡಿದು ಉಳಿದದ್ದನ್ನು ಮುಗಿಸಿಬಿಡುತ್ತಿದ್ದೆ. ಅವರು ಎಂದೂ ಏನೂ ಅಂದಿರಲಿಲ್ಲ. ಈಗಲೂ ಅನ್ನಲಿಲ್ಲ.

ಎಸ್ನಾತಿಯ ಎದುರು ನಾನೂ ಮೊಣಕಾಲೂರಿ ಕೂತೆ. ತಪ್ಪು ಮಾಡಿದೆ ಎನ್ನಲು ನಿಮ್ಮ ಭಾಷೆಯಲ್ಲಿ ಏನು ಹೇಳುತ್ತಾರೆ ಎಂದು ಚಿಸೊಮೊಳನ್ನು ಕೇಳಿಕೊಂಡು, “ನ್ದಲಾಕ್ವಾ” ಎಂದೆ. ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಎಸ್ನಾತಿ ಎಲ್ಲ ಕೇಳಿದಳು. ನಡುವೆ ಒಮ್ಮೆ ಬಕೆಟ್ಟಿನ ಕಡೆ ನೋಡಿದಳು. ಕೊನೆಗೆ “ಜಿಕೊಮೊ” ಎಂದು ಎದ್ದು ಒಳಗೆ ಹೋದಳು.

ನಾವು ಮೂವರೂ ಜಗಲಿಯಲ್ಲೇ ಉಳಿದೆವು. ಆಮೇಲೆ ಹಿತ್ತಿಲ ಅಡುಗೆಮನೆಯಿಂದ ಏನೋ ಎಳೆದಾಡುವ ಸದ್ದು ಬಂತು. ಎಸ್ನಾತಿ ಬಾಗಿಲಲ್ಲಿ ನಿಂತು ಕೈಮಾಡಿ ಕರೆದಳು.

ಅಡುಗೆಮನೆಯಲ್ಲಿ ಒಲೆಯ ಮೇಲೆ, ತಲೆ ತಾಗುವಷ್ಟು ಎತ್ತರದಲ್ಲಿ, ಬಿದಿರಿನ ಅಟ್ಟವಿತ್ತು. ಹೊಗೆಯಿಂದ ಕಪ್ಪಗೆ ಮಿರುಗುವ ಮೆಕ್ಕೆಜೋಳದ ತೆನೆಗಳನ್ನು ಅದರಿಂದ ಇಳಿಸಿ, ಚಾಪೆ ಹಾಸಿ ಜಾಗ ಮಾಡಿದ್ದಳು. ಅಲ್ಲಿ ಬೀಜ ಕಾಯುವುದೇ ಹೀಗೆ: ಬಿಸಿಲಿರಲಿ ಬಿಡಲಿ, ಅಡುಗೆಯ ಹೊಗೆ ಕಾಳನ್ನು ಒಣಗಿಸುತ್ತದೆ, ಹುಳವನ್ನೂ ದೂರ ಇಡುತ್ತದೆ. ತೊಗರಿಯನ್ನು ಮಾತ್ರ ಯಾರೂ ಅಟ್ಟಕ್ಕೆ ಏರಿಸುತ್ತಿರಲಿಲ್ಲ, ಏಕೆಂದರೆ ಅಮ್ಮಂದಿರು ಏರಿಸಿರಲಿಲ್ಲ.

ಬೀಜ ಹೋದರೆ ಹೋಯಿತು, ಇದು ತಿನ್ನಲಿಕ್ಕಾದರೂ ಬರುತ್ತದೆಯೇ ಎಂದಷ್ಟೇ ಕೇಳಿದಳು.

“ಬರ್ತದ,” ಎಂದರು ಅತ್ತೆ. “ಭೇಷ್ ಬ್ಯಾಳಿ ಆಗ್ತದ. ಉರಿ ಮಾತ್ರ ಸಣ್ಣ ಇರಬೇಕು.” ಈ ಸಲ ನಾನು ಅವರ ಬಾಯಿ ಮುಚ್ಚುವತನಕ ನೋಡಿ, ಆಮೇಲೆ ಇಂಗ್ಲಿಷಿಗೆ ತಿರುಗಿಸಿದೆ.

ಮೂರು ದಿನ ನಾವು ಆ ಒಲೆಯನ್ನು ಕಾದೆವು. ಅತ್ತೆ ಅಟ್ಟದ ಕೆಳಗೆ ಕೂತು, ಬಿದಿರನ್ನು ಹೇಗೆ ಕಟ್ಟಿದ್ದಾರೆ, ಯಾವ ಕಟ್ಟಿಗೆಗೆ ಎಷ್ಟು ಹೊಗೆ ಎಂದು ಕೇಳಿ ಕೇಳಿ ಎಸ್ನಾತಿಯ ತಲೆ ತಿಂದರು. “ನಮ್ಮ ಕೊಂಕಲ್‌ದಾಗ ಹೆಣ್ಮಕ್ಕಳು ಒಲಿ ಹೊಗಿ ಸುಮ್ಮ ಆಕಾಶಕ್ಕ ಬಿಡ್ತಾರ,” ಎಂದು ಮರುಗಿದರು.

ಮನೆಯಿಂದ ಮನೆಗೆ

ಮಂಜು ಸರಿದ ಬೆಳಿಗ್ಗೆ ಎಸ್ನಾತಿ ಸೊಂಟಕ್ಕೆ ಹೂವಿನ ಚಿತ್ರದ ದೊಡ್ಡ ಬಟ್ಟೆ ಸುತ್ತಿಕೊಂಡು ನನ್ನ ಎದುರು ಬಂದು ನಿಂತಳು. ಬಾ, ಬೀಜ ಕೇಳಲು ಹೋಗೋಣ, ಆದದ್ದನ್ನು ನೀನೇ ಹೇಳಬೇಕು ಎಂದಳು. ಅತ್ತೆ ನನ್ನನ್ನು ನೋಡಿದರು. “ಹೋಗಿ ಬಾ,” ಎಂದರು. ಚಿಸೊಮೊ ನಮ್ಮ ಜೊತೆ ಬಂದಳು.

ಮೊದಲ ಮನೆಯಲ್ಲಿ ಚಾಪೆಯ ಮೇಲೆ ಕೂತು, ಹೇಗಿದ್ದೀರಿ ಹೇಗಿದ್ದೀರಿ ಎಲ್ಲ ಮುಗಿದ ಮೇಲೆ ನಾನು “ನ್ದಲಾಕ್ವಾ” ಎಂದೆ. ಆ ಮನೆಯ ಮುದುಕಿಗೆ ನನ್ನ ಉಚ್ಚಾರ ಸರಿ ಕಾಣಲಿಲ್ಲ. ಮೂರು ಸಲ ಹೇಳಿಸಿದಳು. ನಾಲ್ಕನೆಯ ಸಲಕ್ಕೆ ಒಪ್ಪಿ, ಒಳಗೆ ಹೋಗಿ ಎರಡು ಬೊಗಸೆ ಬೀಜ ತಂದು ಎಸ್ನಾತಿಯ ಬಟ್ಟೆಯ ಮಡಿಲಿಗೆ ಸುರಿದಳು. ಅದೇ ದಪ್ಪ ಕಾಳು, ಕೆನೆ ಬಣ್ಣ. ನಿನ್ನ ತಾಯಿ ನನ್ನ ಮದುವೆಯ ವರ್ಷ ಕೊಟ್ಟದ್ದು ಎಂದಳಂತೆ. ಎಸ್ನಾತಿ ಆ ಬಟ್ಟೆಯ ಚುಂಗನ್ನು ಒಟ್ಟುಗೂಡಿಸಿ ಹಿಡಿದಳು. ನಮ್ಮಲ್ಲಿ ಉಡಿ ತುಂಬಿಸಿಕೊಂಡ ಹೆಂಗಸರು ಸೆರಗನ್ನು ಹಿಡಿಯುವುದು ಹಾಗೆಯೇ.

ಒಂದೊಂದು ಮನೆಯಲ್ಲಿ ಒಂದೊಂದು ಬೊಗಸೆ. ಕೆಲವರು ನಕ್ಕರು. ಒಬ್ಬಳು ನಗಲಿಲ್ಲ, ಮೇಷ್ಟರಮ್ಮ ಸಹ ತಪ್ಪು ಕಲಿಸುತ್ತಾರೆಯೇ ಎಂದು ಕೇಳಿದಳು. ಕಲಿಸುತ್ತಾರೆ ಎಂದೆ.

ಊರಿನ ಕೊನೆಯಲ್ಲಿ ತಗಡಿನ ಬಾಗಿಲಿನ ಮನೆ. ಎಸ್ನಾತಿ ಬೇಲಿಯ ಹೊರಗೇ ನಿಂತಳು. ಇದು ಅವಳ ತಂಗಿಯ ಮನೆ, ತಾಯಿ ತೀರಿದ ಮೇಲೆ ಹೊಲದ ಮಾತಿಗೆ ಇಬ್ಬರೂ ಮಾತು ಬಿಟ್ಟಿದ್ದಾರೆ ಎಂದು ಚಿಸೊಮೊ ನನ್ನ ಕಿವಿಯಲ್ಲಿ ಹೇಳಿದಳು. ನಾವಿಬ್ಬರೇ ಒಳಗೆ ಹೋದೆವು. ತಂಗಿ ಎಲ್ಲ ಕೇಳಿಸಿಕೊಂಡಳು. ಯಾರ ಬೀಜ ಹಾಳಾದದ್ದು ಎಂದು ಮಾತ್ರ ಕೇಳಿದಳು, ಹೆಸರು ಹೇಳಿದೆ. ಅವಳು ಒಂದು ಗಡಿಗೆಯನ್ನೇ ಎತ್ತಿ ತಂದು ನನ್ನ ಸೆರಗಿಗೆ ಬೋರಲು ಹಾಕಿದಳು. ಬೇಲಿಯವರೆಗೆ ಬರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಎಸ್ನಾತಿ ಕೇಳಿದ ಪ್ರಶ್ನೆಯನ್ನು ಚಿಸೊಮೊ ನನಗೆ ಹೇಳಿದಳು: ತಂಗಿ ತೆಳ್ಳಗಾಗಿದ್ದಾಳೆಯೇ?

ನಾನು ಅವಳನ್ನು ನೋಡಿದ್ದು ಅದೇ ಮೊದಲು. ಆದರೂ ಯೋಚಿಸಿ, “ಇಲ್ಲ, ಚೆನ್ನಾಗಿದ್ದಾಳೆ,” ಎಂದೆ. ಆ ಒಂದು ಉತ್ತರವನ್ನು ಯಾರ ಮಾತನ್ನೂ ತಿರುಗಿಸದೆ ನಾನಾಗಿಯೇ ಕೊಟ್ಟೆ.

ಬೇಳೆ ಬೆಂದ ದಿನ

ಅಟ್ಟದ ತೊಗರಿಗೆ ಬಿಸಿಲೂ ಎರಡು ದಿನ ಸಿಕ್ಕಿತು. ಅತ್ತೆ ಕಲ್ಲಿನ ಮುಂದೆ ಒಂದು ಕಾಲು ಚಾಚಿ ಕೂತರು, ಎದುರಿಗೆ ಎಸ್ನಾತಿ ಕೂತಳು. ಒಂದೇ ಗೂಟಕ್ಕೆ ಇಬ್ಬರ ಕೈ. ಮೊದಲು ಇವರು ಎಳೆದಾಗ ಅವಳೂ ಎಳೆದು ಕಲ್ಲು ನಿಂತಿತು. ಅತ್ತೆ ತವರಲ್ಲಿ ಕಲಿತ ಒಂದು ಬೀಸುವ ಹಾಡನ್ನು ಗುನುಗತೊಡಗಿದ ಮೇಲೆ ಕೈಗಳು ಹೊಂದಿಕೊಂಡವು. ಕಲ್ಲಿನ ಅಂಚಿನಿಂದ ಹಳದಿ ಬೇಳೆ ಉದುರಿತು. ಹೊಗೆಯ ವಾಸನೆ ತುಸು ಇತ್ತು.

ಮೂರು ಕಲ್ಲಿನ ಒಲೆಯ ಮೇಲೆ ಬೇಳೆ ಇಟ್ಟು, ಪಕ್ಕದ ಒಲೆಯಲ್ಲಿ ಎಸ್ನಾತಿ ಅವರ ನಿತ್ಯದ ಊಟವಾದ ಮೆಕ್ಕೆಜೋಳದ ಮುದ್ದೆ ತೊಳಸತೊಡಗಿದಳು. ಮುದ್ದೆ ಆಗುವುದರೊಳಗೆ ಬೇಳೆ ಕರಗಿ ಬಂತು. ಹೆಂಗಸರು ಪಾತ್ರೆಯನ್ನಲ್ಲ, ಒಲೆಯ ಪಕ್ಕ ಉಳಿದ ಸೌದೆಯನ್ನು ನೋಡುತ್ತಿದ್ದರು. ಬೆಳಿಗ್ಗೆ ತಂದಿಟ್ಟ ಹೊರೆಯಲ್ಲಿ ಮುಕ್ಕಾಲು ಹಾಗೇ ಇತ್ತು. ಒಬ್ಬಳು ಅದನ್ನು ಎತ್ತಿ ತೂಗಿ ನೋಡಿ ಮತ್ತೆ ಇಟ್ಟಳು.

ಎಸ್ನಾತಿ ಎಲ್ಲರಿಗಿಂತ ಮೊದಲು ಒಂದು ಬಟ್ಟಲಿಗೆ ಬೇಳೆ ಹಾಕಿ, ತಟ್ಟೆ ಮುಚ್ಚಿ, ನನ್ನ ಕೈಗೆ ಕೊಟ್ಟಳು. ಎಲ್ಲಿಗೆ ಎಂದು ಹೇಳಲಿಲ್ಲ. ನಾನು ತಗಡಿನ ಬಾಗಿಲಿನ ಮನೆಗೆ ಹೋಗಿ ಕೊಟ್ಟು ಬಂದೆ. ಸಂಜೆ ಆ ಬಟ್ಟಲು ತೊಳೆದು ಜಗಲಿಯ ಮೇಲೆ ಇಟ್ಟಿತ್ತು. ಯಾರು ಯಾವಾಗ ತಂದಿಟ್ಟರೋ ನಾವು ಕಾಣಲಿಲ್ಲ.

ಹೊರಡುವ ಮುಂಚೆ ಸೇರಿದ ಬೀಜಕ್ಕೆಲ್ಲ ಅತ್ತೆ ತಾವೇ ಕೆಮ್ಮಣ್ಣು ಸವರಿ ತೋರಿಸಿದರು. ಅರ್ಧ ಅಟ್ಟದ ಮೇಲೆ, ಅರ್ಧ ಗಡಿಗೆಯಲ್ಲಿ ಇಟ್ಟರು. ಯಾವುದು ಚೆನ್ನಾಗಿ ಉಳಿಯುತ್ತದೋ ಬಿತ್ತುವಾಗ ತಿಳಿಸು ಎಂದು ಎಸ್ನಾತಿಗೆ ಹೇಳಿದರು. ಅವರಿಗೂ ಅದು ಗೊತ್ತಿರಲಿಲ್ಲ.

ಶಹಾಪುರ

ದೀಪಾವಳಿ ಕಳೆದ ಮೇಲೆ ಚಿಸೊಮೊ ಒಂದು ಧ್ವನಿಮುದ್ರಣ ಕಳಿಸಿದಳು. ಎಸ್ನಾತಿ ಪಕ್ಕದ ಊರಿನ ಹೆಂಗಸರಿಗೆ ಕಲಿಸುತ್ತಿರುವುದು. ಚಿಚೆವಾ ನನಗೆ ತಿಳಿಯದು. ಆದರೆ ನಡುವೆ ಎರಡು ಸಲ ‘ಶಶಿ’ ಎಂದು ಕೇಳಿಸಿತು, ಅದರ ಹಿಂದೆಯೇ ಹೆಂಗಸರು ನಕ್ಕದ್ದೂ ಕೇಳಿಸಿತು. ಬೀಜ ನೆನೆಸಬಾರದು ಎಂಬುದನ್ನು ಎಸ್ನಾತಿ ನನ್ನ ಕತೆ ಹೇಳಿಯೇ ಕಲಿಸುತ್ತಾಳೆ, ಹಾಗೆ ಕಲಿತವರು ಮರೆಯುವುದಿಲ್ಲವಂತೆ ಎಂದು ಚಿಸೊಮೊ ಬರೆದಿದ್ದಳು. ಗಡಿಗೆಯ ಬೀಜ, ಅಟ್ಟದ ಬೀಜ ಎರಡೂ ಹುಳವಿಲ್ಲದೆ ಉಳಿದಿವೆ, ಮಳೆಗೆ ಕಾಯುತ್ತಿದ್ದಾರೆ.

ಸಂಸ್ಥೆಯವರೂ ಫೋನು ಮಾಡಿದ್ದರು. ಇನ್ನು ಎಸ್ನಾತಿ ನಮ್ಮ ಕಡೆ ಬಂದು ಅಟ್ಟದ ಕೆಲಸ ಕಲಿಸುವ ಸರದಿ. ಭಾಷೆಗೆ ತೊಂದರೆ ಆಗದಂತೆ ಅನುಭವಿ ದುಭಾಷಿಯೊಬ್ಬರನ್ನು ಗೊತ್ತು ಮಾಡೋಣವೇ ಎಂದು ಅವರು ಕೇಳಿದ್ದನ್ನು ಆ ಭಾನುವಾರ ಕೊಂಕಲ್‌ಗೆ ಹೋಗಿ ಅತ್ತೆಗೆ ಹಾಗೆಯೇ ಹೇಳಿದೆ. ಅವರು ಅಂಗಳದಲ್ಲಿ ಬಿದಿರಿನ ಗಳ ಸೀಳುತ್ತ ಕೂತಿದ್ದರು.

“ಬ್ಯಾರೆದಾಕಿ ಯಾಕ? ನಮ್ಮ ಸೊಸಿ ಅದಾಳಂತ ಹೇಳು,” ಎಂದರು. ಕುಡುಗೋಲು ನಿಲ್ಲಿಸಿ ಏನೋ ಯೋಚಿಸಿದರು. ನಾನು ಸುಮ್ಮನೆ ಅವರ ಮುಖ ನೋಡುತ್ತ ನಿಂತೆ.

“ಮತ್ತ, ಬ್ಯಾಸಗ್ಯಾಗ ಬರಬ್ಯಾಡ ಅನ್ನು ಅಕಿಗೆ. ನಮ್ಮ ಬಿಸಲು ತಡ್ಯಂಗಿಲ್ಲ. ಪುಷ್ಯದಾಗ ಬರಲಿ, ತೊಗರಿ ರಾಶಿ ಇರ್ತದ,” ಎಂದರು. ತುಸು ತಡೆದು, “ತಂಗಿನ್ನೂ ಕರಕೊಂಡು ಬಾ ಅನ್ನು,” ಎಂದು ಸೇರಿಸಿ, ಮತ್ತೆ ಬಿದಿರು ಸೀಳತೊಡಗಿದರು.